ಕರುಳುಬೇನೆ

ಕನ್ನಡದಲ್ಲಿ ಎಂ.ಎ. ಮಾಡಿ, ಕಾಲೇಜಿನ ಹುಡುಗರಿಗೆ ಷಟ್ಪದಿಯ ಲಕ್ಷಣವನ್ನೂ ರಗಳೆಯ ಭೇದಗಳನ್ನೂ ಹೇಳಿಕೊಂಡು ಹೊಟ್ಟೆ ಹೊರೆಯುವವನಿಗೂ ಅಮೆರಿಕದ ಪ್ರಯೋಗಶಾಲೆಯ ಕೋತಿಗಳ ಕರುಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ. ಕಳೆದ ನವೆಂಬರಿನವರೆಗೆ ಯಾರಾದರೂ ಕೇಳಿದ್ದರೆ, ಏನೂ ಸಂಬಂಧವಿಲ್ಲವೆಂದೇ ನಾನೂ ಹೇಳುತ್ತಿದ್ದೆ. ಕೋತಿಯ ವಿಷಯದಲ್ಲಿ ನನ್ನ ಪಾಂಡಿತ್ಯ ಎರಡು ಮಾತಿನಲ್ಲಿ ಮುಗಿಯುತ್ತಿತ್ತು: ಶನಿವಾರ ಹನುಮಂತರಾಯನ ಗುಡಿಗೆ ಹೋದಾಗ ಕೈಯಲ್ಲಿನ ಬಾಳೆಹಣ್ಣನ್ನು ಜೋಪಾನ ಮಾಡಬೇಕು, ಮನೆಯ ಹೆಂಚಿನ ಮೇಲೆ ಸಪ್ಪಳವಾದರೆ ಒಣಹಾಕಿದ ಹಪ್ಪಳವನ್ನು ಒಳಗೆ ತರಬೇಕು.

ನಮ್ಮ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಬೋಧಿಸುವ ಮಿತ್ರರೊಬ್ಬರಿದ್ದಾರೆ. ಬಹಳ ಓದಿಕೊಂಡವರು, ಓದಿದ್ದನ್ನು ಇನ್ನೊಬ್ಬರಿಗೆ ಹೇಳದಿದ್ದರೆ ಅವರಿಗೆ ನಿದ್ರೆ ಬಾರದು. ೧೯೮೮ರಿಂದ ಪ್ರಪಂಚದಾದ್ಯಂತ ಡಿಸೆಂಬರ್ ೧ನೆಯ ತಾರೀಕನ್ನು ಏಡ್ಸ್ ದಿನವೆಂದು ಆಚರಿಸುತ್ತಾರಷ್ಟೆ. ಆ ದಿನ ಹುಡುಗರ ಮುಂದೆ ಮಾತನಾಡುವ ಭಾರ ಈ ಸಲ ಅವರ ಮೇಲೆ ಬಿದ್ದಿತು. ಪ್ರತಿವರ್ಷ ಹೇಳುವ ಎಚ್ಚರಿಕೆಯ ನಾಲ್ಕು ಮಾತುಗಳನ್ನೇ ಮತ್ತೆ ಹೇಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ವಿಜ್ಞಾನಿಗಳು ಆ ರೋಗವನ್ನು ಅರಿತುಕೊಂಡ ಬಗೆಯನ್ನು, ಅದರಲ್ಲಿಯೂ ಕೋತಿಗಳಿಂದ ಕಲಿತ ಪಾಠವನ್ನು, ತಿಳಿಗನ್ನಡದಲ್ಲಿ ಹೇಳಬೇಕೆಂದು ಹೊರಟರು. ಪಾರಿಭಾಷಿಕ ಶಬ್ದಗಳು ಅಡ್ಡ ಬಂದವು. ಒಂದು ಮಧ್ಯಾಹ್ನ ಕಾಗದಗಳ ಕಟ್ಟೊಂದನ್ನು ಹಿಡಿದುಕೊಂಡು ನನ್ನ ಮೇಜಿನ ಬಳಿಗೆ ಬಂದರು.

“ಪಂಡಿತರೇ, ‘ಎಂಟರೋಪತಿ’ ಎಂಬುದಕ್ಕೆ ಒಂದು ಒಳ್ಳೆಯ ಕನ್ನಡ ಶಬ್ದ ಕೊಡಿ. ಕರುಳಿಗೆ ಬರುವ ರೋಗ, ಅಷ್ಟೆ. ‘ಆಂತ್ರವ್ಯಾಧಿ’ ಎಂದು ಬರೆದುಕೊಂಡಿದ್ದೇನೆ. ಆದರೆ ಹಿಂದಿನ ಬೆಂಚಿನವರು ಅದನ್ನು ಆಂಧ್ರದಿಂದ ಬಂದ ವ್ಯಾಧಿಯೆಂದು ತಿಳಿದುಕೊಂಡಾರು!”

ನಾನು ನಕ್ಕೆ. ಯೋಚಿಸದೆಯೇ, “ಕರುಳುಬೇನೆ ಎಂದುಬಿಡಿ ಸಾರ್” ಎಂದೆ.

“ಭೇಷ್!” ಎಂದು ಬರೆದುಕೊಂಡು ಅವರು ಹೊರಟುಹೋದರು. ಶಬ್ದ ಮಾತ್ರ ಹೋಗಲಿಲ್ಲ, ನನ್ನೆದುರಿಗೇ ಕುಳಿತುಕೊಂಡಿತು. ಅದು ನಾನು ನಿಘಂಟಿನಿಂದ ತೆಗೆದುಕೊಟ್ಟ ಶಬ್ದವಾಗಿರಲಿಲ್ಲ. ೧೯೯೮ರಲ್ಲಿ, ಹಿರಿಯೂರಿನ ಸಮೀಪದ ನಮ್ಮ ಹಳ್ಳಿಯ ಜಗಲಿಯ ಮೇಲೆ ಕುಳಿತು, ವಿಚಾರಿಸಲು ಬಂದವರಿಗೆಲ್ಲ ನಮ್ಮ ಅಜ್ಜಿ ಹೇಳುತ್ತಿದ್ದ ಶಬ್ದ ಅದು. “ನನ್ನ ಮಗನಿಗೆ ಕರುಳುಬೇನೆ ಕಣವ್ವ.”

ಆ ಮಗ ನನ್ನ ಸೋದರಮಾವ. ತಂದೆಯವರ ನೌಕರಿ ದೂರದ ಊರಿನಲ್ಲಿದ್ದುದರಿಂದ ಅವ್ವನೂ ನಾನೂ ಆಗ ಅವಳ ತವರಿನಲ್ಲಿಯೇ ಇದ್ದೆವು. ಮಾವ ಲಾರಿ ಡ್ರೈವರು. ಬೆಂಗಳೂರಿನಿಂದ ಪುಣೆ, ಮುಂಬಯಿಗಳಿಗೆ ಹೋಗುವ ಹೆದ್ದಾರಿ ಹಿರಿಯೂರನ್ನು ಹಾಯ್ದು ಹೋಗುತ್ತದೆ. ತಿಂಗಳಿಗೆ ಎರಡು ಸಲ ಅವನು ಊರ ಹೊರಗಿನ ಹುಣಸೆಮರದ ಕೆಳಗೆ ಲಾರಿ ನಿಲ್ಲಿಸಿ ಉದ್ದಕ್ಕೆ ಹಾರನ್ ಊದುತ್ತಿದ್ದ. ಅದು ನನಗೆ ಕರೆ. ಓಡಿಹೋದರೆ, “ಬಂದರೋ ಅಳಿಯದೇವರು!” ಎಂದು ಎತ್ತಿ ಸ್ಟೀರಿಂಗಿನ ಮುಂದೆ ಕೂರಿಸಿಕೊಳ್ಳುತ್ತಿದ್ದ. ಬೆಳಗಾವಿಯ ಕುಂದ, ಸಾತಾರೆಯ ಪೇಡೆ, ಏನಾದರೊಂದು ಪೊಟ್ಟಣ ಸೀಟಿನ ಕೆಳಗೆ ಇದ್ದೇ ಇರುತ್ತಿತ್ತು.

೧೯೯೭ರ ದೀಪಾವಳಿಯ ಹೊತ್ತಿಗೆ ಅವನಿಗೆ ಭೇದಿ ಹಿಡಿಯಿತು. ದಾರಿಯ ನೀರು ಒಗ್ಗಲಿಲ್ಲವೆಂದರು. ಡಾಬಾದ ಎಣ್ಣೆ ಎಂದರು. ಜೀರಿಗೆ ಕಷಾಯ, ದಾಳಿಂಬೆ ಸಿಪ್ಪೆ, ದೇವರಿಗೆ ಮುಡಿಪು ಎಲ್ಲವೂ ಆಯಿತು. ಭೇದಿ ನಿಲ್ಲಲಿಲ್ಲ. ಸಂಕ್ರಾಂತಿಯ ವೇಳೆಗೆ ಅವನ ಅಂಗಿ ಗೂಟಕ್ಕೆ ತಗುಲಿಹಾಕಿದ ಹಾಗೆ ಜೋಲುತ್ತಿತ್ತು. ಪಟ್ಟಣದ ಆಸ್ಪತ್ರೆಯೊಂದರಲ್ಲಿ ರಕ್ತ ಪರೀಕ್ಷೆ ಮಾಡಿ, ಅಜ್ಜನನ್ನು ಪಕ್ಕಕ್ಕೆ ಕರೆದು ಏನನ್ನೋ ಪಿಸುಗುಟ್ಟಿ, ಮನೆಗೆ ಕರೆದುಕೊಂಡು ಹೋಗಿರೆಂದು ಹೇಳಿ ಕಳುಹಿಸಿದರು. ಆ ದಿನದಿಂದ ಮಾವನ ಹಾಸಿಗೆ ದನದ ಕೊಟ್ಟಿಗೆಯ ಪಕ್ಕದ ಕೋಣೆಗೆ ಹೋಯಿತು. ಅವನಿಗೊಂದು ಬೇರೆ ತಟ್ಟೆ, ಬೇರೆ ಲೋಟ. ಆ ಕೋಣೆಯ ಹೊಸಿಲು ದಾಟಬಾರದೆಂದು ಹತ್ತು ವರ್ಷದ ನನಗೆ ಆಜ್ಞೆಯಾಯಿತು. ರೋಗದ ನಿಜವಾದ ಹೆಸರು ಮನೆಯಲ್ಲಿ ಯಾರ ಬಾಯಿಂದಲೂ ಹೊರಡಲಿಲ್ಲ. ಕೇಳಿದವರಿಗೆ ಅಜ್ಜಿಯ ಉತ್ತರ ಒಂದೇ: ಕರುಳುಬೇನೆ. ಅವಳು ಸುಳ್ಳು ಹೇಳುತ್ತಿದ್ದಾಳೆಂದು ಊರಿಗೆ ಗೊತ್ತಿತ್ತು. ಊರಿಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ಶ್ರಾವಣದಲ್ಲಿ ಮಾವ ತೀರಿಕೊಂಡ. ಅವನಿಗೆ ಆಗ ಇಪ್ಪತ್ತೊಂಬತ್ತು ವರ್ಷ.

ಮರುದಿನ ಮಿತ್ರರಿಂದ ಆ ಕಾಗದಗಳ ಕಟ್ಟನ್ನು ಕೇಳಿ ಮನೆಗೆ ತಂದೆ. ತಿಳಿಯದ ಕಡೆಗಳಲ್ಲಿ ಗುರುತು ಮಾಡಿಕೊಂಡು, ಮಾರನೆಯ ದಿನ ಅವರಿಂದ ಹೇಳಿಸಿಕೊಂಡೆ. ಹೀಗೆ ಒಂದು ವಾರ ಹಳಗನ್ನಡದ ಮೇಷ್ಟರು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಾದರು.

ಏಷ್ಯದ ಕಪಿಗಳಿಗೆ ಸ್ವಭಾವತಃ ಏಡ್ಸ್‌ನಂಥ ರೋಗವಿಲ್ಲ. ಅದು ಅವುಗಳಿಗೆ ತಗುಲಿದುದು ಅಮೆರಿಕದಲ್ಲಿ, ಮನುಷ್ಯನ ಆಶ್ರಯದಲ್ಲಿ. ಪಶ್ಚಿಮ ಆಫ್ರಿಕದಲ್ಲಿ ಸೂಟಿ ಮ್ಯಾಂಗಬೆ ಎಂಬ ಮಸಿಬಣ್ಣದ ಕೋತಿಯೊಂದಿದೆ. ಅದು ಒಂದು ವೈರಸ್ಸನ್ನು ಮೈಯಲ್ಲಿ ಹೊತ್ತುಕೊಂಡೂ ಸುಖವಾಗಿ ಬಾಳುತ್ತದೆ. ಅಮೆರಿಕದ ವಾನರ ಸಂಶೋಧನ ಕೇಂದ್ರಗಳಲ್ಲಿ ಅದೇ ವೈರಸ್ಸು ಏಷ್ಯದ ಕಪಿಗಳ ಮೈ ಹೊಕ್ಕಿತು. ಇವು ಸೊರಗಿ ಸತ್ತವು. ೧೯೮೫ರಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಸೌತ್‌ಬರೋ ಎಂಬಲ್ಲಿದ್ದ ನ್ಯೂ ಇಂಗ್ಲೆಂಡ್ ಕೇಂದ್ರದ ಕಪಿಗಳಿಂದ ವಿಜ್ಞಾನಿಗಳು ಅದನ್ನು ಬೇರ್ಪಡಿಸಿ ತೋರಿಸಿದರು. ಇಂದು ಅದರ ಹೆಸರು ಎಸ್‌ಐವಿ. ಮನುಷ್ಯನನ್ನು ಕಾಡುವ ಎಚ್‌ಐವಿಗೆ ಹತ್ತಿರದ ದಾಯಾದಿ.

ಈ ಕಪಿಗಳು ಬಳಲುವ ಬಗೆಯನ್ನು ಓದುತ್ತಿದ್ದಂತೆ ನನಗೆ ಕೊಟ್ಟಿಗೆಯ ಪಕ್ಕದ ಕೋಣೆ ಕಣ್ಣಿಗೆ ಕಟ್ಟಿತು. ನಿಲ್ಲದ ಭೇದಿ; ತಿಂದ ಅನ್ನ ಮೈಗೆ ಹತ್ತದೆ ದಿನದಿನಕ್ಕೆ ಕರಗುವ ದೇಹ. ಕರುಳಿನ ಒಳಮೈಯಲ್ಲಿ ಬೆರಳಿನಂತೆ ಚಾಚಿಕೊಂಡಿರುವ ಅತಿ ಸಣ್ಣ ಕುಚ್ಚುಗಳಿವೆಯಂತೆ; ಅನ್ನದ ಸಾರವನ್ನು ಹೀರುವುವು ಅವೇ. ರೋಗ ಹಿಡಿದ ಕಪಿಯಲ್ಲಿ ಆ ಕುಚ್ಚುಗಳು ಮೊಂಡಾಗಿ ಕುಗ್ಗಿಹೋಗುತ್ತವೆ. ಉಗಾಂಡ ದೇಶದ ಹಳ್ಳಿಯವರು ತಮ್ಮಲ್ಲಿ ಹರಡಿದ್ದ ಇದೇ ರೋಗವನ್ನು ‘ಸ್ಲಿಮ್’, ಎಂದರೆ ತೆಳ್ಳಗಾಗಿಸುವ ರೋಗ, ಎಂದು ಕರೆಯುತ್ತಿದ್ದುದನ್ನು ವೈದ್ಯರು ಅದೇ ೧೯೮೫ರಲ್ಲಿ ಲೋಕಕ್ಕೆ ತಿಳಿಸಿದರು. ಆ ಹಳ್ಳಿಯವರೂ ನಮ್ಮ ಅಜ್ಜಿಯೂ ಕಂಡದ್ದನ್ನು ಕಂಡಂತೆಯೇ ಹೇಳಿದವರು.

ಆದರೂ ವೈದ್ಯರು ಬಹುಕಾಲ ನೋಡಿದುದು ರಕ್ತವನ್ನು. ರೋಗಗಳೊಡನೆ ಹೋರಾಡುವ ಬಿಳಿಯ ಕಣಗಳಲ್ಲಿ ಸಿಡಿ೪ ಎಂಬುದೊಂದು ಜಾತಿ. ಈ ವೈರಸ್ಸಿಗೆ ಅದೇ ಆಹಾರ. ರೋಗಿಯ ತೋಳಿನಿಂದ ರಕ್ತ ತೆಗೆದು ಆ ಕಣಗಳನ್ನು ಎಣಿಸುವುದು ವಾಡಿಕೆ. ಆದರೆ ಇಂಥ ಕಣಗಳ ಪೈಕಿ ರಕ್ತದಲ್ಲಿ ಹರಿದಾಡುವುದು ನೂರಕ್ಕೆ ಎರಡರ ಆಸುಪಾಸು ಮಾತ್ರ. ಅವುಗಳ ದೊಡ್ಡ ಬೀಡು ಕರುಳಿನ ಗೋಡೆ. ನಾನು ದುರ್ಗದ ಸೀಮೆಯವನಾದುದರಿಂದ ಕೋಟೆಯ ಮಾತಿನಲ್ಲಿ ಹೇಳಿಕೊಂಡರೆ ಬೇಗ ತಿಳಿಯುತ್ತದೆ. ಹೆಬ್ಬಾಗಿಲ ಮುಂದಿನ ನಾಲ್ಕು ಜನ ಕಾವಲುಗಾರರನ್ನು ಎಣಿಸಿ, ಸೈನ್ಯವೆಲ್ಲ ಕ್ಷೇಮವೆಂದು ಬರೆದುಕೊಂಡಂತೆ ಆಗಿತ್ತು.

೧೯೯೮ರಲ್ಲಿ ರೊನಾಲ್ಡ್ ವೀಝಿ ಮತ್ತು ಅವರ ಸಂಗಡಿಗರು, ಸೌತ್‌ಬರೋದ ಅದೇ ಕೇಂದ್ರದ ಕಪಿಗಳ ಕರುಳನ್ನು ನೋಡಿದರು. ವೈರಸ್ಸು ಮೈ ಹೊಕ್ಕ ಕೆಲವೇ ದಿನಗಳಲ್ಲಿ, ರಕ್ತದಲ್ಲಿ ಅಂಥ ವ್ಯತ್ಯಾಸವೇನೂ ಕಾಣದಿರುವಾಗಲೇ, ಕರುಳಿನೊಳಗಿನ ಸಿಡಿ೪ ಕಣಗಳು ಹೆಚ್ಚುಕಡಮೆ ಬರಿದಾಗಿದ್ದವು. ಇದನ್ನು ಮನುಷ್ಯರಲ್ಲಿ ಮೊದಲು ನೋಡುವುದು ಶಕ್ಯವಿರಲಿಲ್ಲ. ಸೋಂಕು ತಗುಲಿದ ವಾರದಲ್ಲಿ ಯಾವ ಮನುಷ್ಯನಿಗೆ ತಾನೇ ಅದು ಗೊತ್ತಿರುತ್ತದೆ? ಪುಣೆಯ ದಾರಿಯಲ್ಲಿ ಹಾಡಿಕೊಂಡು ಲಾರಿ ಓಡಿಸುತ್ತಿದ್ದ ಮಾವನಿಗೆ ಗೊತ್ತಿತ್ತೆ? ಕಪಿಯಾದರೆ ದಿನ ಎಣಿಸಿ ಸೋಂಕು ತಗುಲಿಸಬಹುದು, ದಿನ ಎಣಿಸಿ ಕೊಂದು ನೋಡಬಹುದು. ೨೦೦೪ರಲ್ಲಿ ಮನುಷ್ಯರ ಕರುಳಿನಲ್ಲಿಯೂ ಇದೇ ನಡೆಯುತ್ತದೆಂದು ಸಿದ್ಧವಾಯಿತು.

ಮುಂದಿನ ಕಥೆಯೂ ಕೋಟೆಯದೇ. ಕರುಳು ಕೋಟ್ಯಂತರ ಸೂಕ್ಷ್ಮಜೀವಿಗಳ ಊರು. ಅವು ಗೋಡೆಯ ಆಚೆಗಿರುವವರೆಗೆ ನಮಗೆ ಉಪಕಾರಿಗಳು. ಗೋಡೆಯಲ್ಲಿ ಕಿಂಡಿ ಬಿದ್ದರೆ? ಕಿಂಡಿಯ ಬಳಿ ಒನಕೆ ಹಿಡಿದು ನಿಲ್ಲಬೇಕಾದ ಓಬವ್ವನನ್ನೇ ವೈರಸ್ಸು ಮೊದಲು ಕೊಂದಿರುತ್ತದೆ. ಆ ಜೀವಿಗಳ ಅಂಶಗಳು ರಕ್ತಕ್ಕೆ ಸೋರಿ, ಮೈಯೆಲ್ಲ ಸಣ್ಣಗೆ ಉರಿಯತೊಡಗುತ್ತದೆಂದು ೨೦೦೬ರಲ್ಲಿ ತೋರಿಸಿದರು. ೨೦೧೨ರಲ್ಲಿ ಹರ್ಬರ್ಟ್ ವರ್ಜಿನ್ ಮೊದಲಾದವರು ಇನ್ನೊಂದು ಸಂಗತಿಯನ್ನು ಕಂಡರು. ಎಸ್‌ಐವಿ ಹಿಡಿದ ರೀಸಸ್ ಕಪಿಗಳ ಮಲದಲ್ಲಿ ಬೇರೆ ಬೇರೆ ವೈರಸ್ಸುಗಳು ತಂಡೋಪತಂಡವಾಗಿ ಹೆಚ್ಚಿದ್ದವು. ಅವುಗಳಲ್ಲಿ ೩೨ಕ್ಕೆ ಕಡಮೆಯಿಲ್ಲದಷ್ಟು ಅದುವರೆಗೆ ಯಾರೂ ವರ್ಣಿಸದೆ ಇದ್ದವು. ಕೆಲವು ಕಪಿಗಳ ಕರುಳನ್ನು ಅಡಿನೋವೈರಸ್ ಎಂಬುದು ತಿಂದುಹಾಕಿತ್ತು. ಯಜಮಾನನಿಲ್ಲದ ಮನೆಗೆ ದಾರಿಹೋಕರೆಲ್ಲ ನುಗ್ಗಿದ ಹಾಗೆ.

ಕಾಗದಗಳನ್ನು ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ವೀಝಿಯವರ ಲೇಖನ ಅಚ್ಚಾದದ್ದು ೧೯೯೮ರ ಏಪ್ರಿಲ್‌ನಲ್ಲಿ. ಆ ಏಪ್ರಿಲ್‌ನಲ್ಲಿ ನಮ್ಮ ಜಗಲಿಯ ಮೇಲೆ, ಅಕ್ಷರ ಬಾರದ ಮುದುಕಿಯೊಬ್ಬಳು ತಲೆ ತಗ್ಗಿಸಿಕೊಂಡು, “ಕರುಳುಬೇನೆ ಕಣವ್ವ” ಎನ್ನುತ್ತಿದ್ದಳು. ಮಾನ ಮುಚ್ಚಿಕೊಳ್ಳುವುದಕ್ಕಾಗಿ ಅವಳು ಹೇಳಿದ ಸುಳ್ಳು ಸುಳ್ಳೇ ಆಗಿರಲಿಲ್ಲ. ರೋಗ ಮೊದಲು ಕೊಳ್ಳೆಹೊಡೆದುದು ಕರುಳನ್ನೇ. ಈ ಮಾತನ್ನು ಅವಳಿಗೆ ಹೇಳೋಣವೆಂದರೆ ಅವಳು ಹೋಗಿ ಆರು ವರ್ಷವಾಯಿತು.

ನಮ್ಮ ಭಾಷೆಯಲ್ಲಿ ಕರುಳು ಎಂಬುದು ಬರಿಯ ಅಂಗವಲ್ಲ. ತಾಯಿಯನ್ನು ಹೆತ್ತ ಕರುಳು ಎನ್ನುತ್ತೇವೆ. ಮಕ್ಕಳನ್ನು ಕರುಳ ಕುಡಿ ಎನ್ನುತ್ತೇವೆ. ಪರರ ಕಷ್ಟ ಕಂಡು ಮರುಗದವನಿಗೆ ಕರುಳಿಲ್ಲ ಎನ್ನುತ್ತೇವೆ. ತರಗತಿಯಲ್ಲಿ ಇದನ್ನು ಲಕ್ಷಣಾರ್ಥಕ್ಕೆ ಉದಾಹರಣೆಯಾಗಿ ನಾನೇ ಎಷ್ಟೋ ಸಲ ಹೇಳಿದ್ದೇನೆ. ಆದರೆ ನನ್ನ ಕರುಳಿನ ಪರೀಕ್ಷೆ ಹತ್ತನೆಯ ವಯಸ್ಸಿನಲ್ಲಿಯೇ ಮುಗಿದಿತ್ತು.

ಮಾವ ಸಾಯುವುದಕ್ಕೆ ಒಂದು ತಿಂಗಳ ಮುಂಚಿನ ಮಾತು. ಹಿರಿಯರೆಲ್ಲ ಹೊಲಕ್ಕೆ ಹೋಗಿದ್ದರು. ಕೋಣೆಯೊಳಗಿನಿಂದ ಧ್ವನಿ ಬಂದಿತು: “ಅಳಿಯಾ, ಒಂದು ಲೋಟ ನೀರು ಕೊಡಪ್ಪ.” ನೀರು ತುಂಬಿಕೊಂಡು ಹೋದೆ. ಹೊಸಿಲಿನವರೆಗೆ ಹೋದೆ. ಒಳಗಿನ ಮುಖವನ್ನು ನೋಡಿದೆ. ಕಣ್ಣುಗಳು ಮಾತ್ರ ನನ್ನ ಮಾವನವಾಗಿದ್ದವು. ಲೋಟವನ್ನು ಹೊಸಿಲಿನ ಮೇಲಿಟ್ಟು ಓಡಿಹೋದೆ. ಹೊಸಿಲಿನಿಂದ ಹಾಸಿಗೆಗೆ ನನ್ನ ಹೆಜ್ಜೆಯಲ್ಲಿ ಐದು ಹೆಜ್ಜೆ. ಸಾಯಂಕಾಲ ಅಜ್ಜಿ ಬಂದಾಗ ಲೋಟ ಇಟ್ಟಲ್ಲಿಯೇ ಇದ್ದಿತು. ನೀರು ತುಂಬಿಯೇ ಇದ್ದಿತು.

ಅಜ್ಜಿ ನನ್ನನ್ನು ಬಯ್ಯಲಿಲ್ಲ. ಲೋಟವನ್ನೆತ್ತಿಕೊಂಡು ಒಳಗೆ ಹೋದಳು. ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಟುಕು ಗುಟುಕಾಗಿ ಕುಡಿಸಿದಳು. ದಿನಕ್ಕೆ ಹತ್ತು ಸಲ ಅವನ ಬಟ್ಟೆ ಒಗೆದವಳೂ, ಗಂಜಿ ಉಣಿಸಿದವಳೂ ಅವಳೊಬ್ಬಳೇ. ಮುಟ್ಟಿದರೆ, ಉಣಿಸಿದರೆ, ಒಂದೇ ಲೋಟದಲ್ಲಿ ಕುಡಿದರೆ ಈ ರೋಗ ಬರುವುದಿಲ್ಲವೆಂಬುದು ಅವಳಿಗೆ ತಿಳಿದಿರಲಿಲ್ಲ. ಬರುತ್ತದೆಂದು ನಂಬಿಕೊಂಡೇ ಮುಟ್ಟಿದಳು. ಎಂಬತ್ತಾರು ವರ್ಷ ಬದುಕಿದಳು. ಮಾವನ ತಟ್ಟೆ ಲೋಟಗಳನ್ನು ಮಾತ್ರ ತಿಥಿಯಾದ ಮೇಲೆ ಹಾಳುಬಾವಿಗೆ ಎಸೆದರು.

ಈಗ ಆ ಮಸಿಬಣ್ಣದ ಮ್ಯಾಂಗಬೆಯ ಮಾತು ಉಳಿಯಿತು. ವೈರಸ್ಸು ಹೊಕ್ಕಾಗ ಅದರ ಕರುಳಿನಲ್ಲಿಯೂ ಸಿಡಿ೪ ಕಣಗಳು ಸಾಯುತ್ತವೆಯಂತೆ. ಇದನ್ನು ಓದಿ ನನಗೆ ಆಶ್ಚರ್ಯವಾಯಿತು. ಹಾಗಾದರೆ ಅದು ಬದುಕುವುದು ಹೇಗೆ? ಮಿತ್ರರು ಹೇಳಿದರು: “ಅದರ ಗೋಡೆ ಬಿರಿಯುವುದಿಲ್ಲ. ಮೊದಲ ಹೋರಾಟ ಮುಗಿದ ಮೇಲೆ ಅದರ ಮೈಯಲ್ಲಿ ಬೆಂಕಿ ಆರಿಹೋಗುತ್ತದೆ. ನಮ್ಮ ಕಪಿಯಲ್ಲಿ ಅದು ಆರುವುದೇ ಇಲ್ಲ.” ನಷ್ಟ ಎರಡಕ್ಕೂ ಉಂಟು, ಒಂದು ಬಾಳುತ್ತದೆ, ಒಂದು ಸಾಯುತ್ತದೆ. ನಮ್ಮ ಮನೆಯಲ್ಲಿ ಇಪ್ಪತ್ತೈದು ವರ್ಷಕ್ಕೆ ಮಿಕ್ಕಿ ಮಾವನ ಹೆಸರನ್ನು ಯಾರೂ ಎತ್ತಲಿಲ್ಲವೆಂಬುದು ಆಗ ನೆನಪಾಯಿತು.

‘ನಮ್ಮ ಕಪಿ’ ಎಂದು ಅವರೆಂದುದು ಬರಿಯ ಮಾತಲ್ಲ. ರೀಸಸ್ ಕಪಿ ಉತ್ತರ ಭಾರತದ್ದು; ನಮ್ಮ ಗುಡಿಗಳ ಮೇಲಿನ ಕೋತಿಗೆ ಹತ್ತಿರದ ನೆಂಟ. ೧೯೫೦ರ ದಶಕದಲ್ಲಿ ಪೋಲಿಯೊ ಲಸಿಕೆಯನ್ನು ಅದರ ಮೂತ್ರಪಿಂಡದ ಕೋಶಗಳಲ್ಲಿ ಬೆಳೆಸುತ್ತಿದ್ದರು. ಅದಕ್ಕಾಗಿ ಕಪಿಗಳು ಭಾರತದಿಂದ ಹಡಗು, ವಿಮಾನಗಳಲ್ಲಿ ಹೋಗುತ್ತಿದ್ದವು. ೧೯೭೮ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಲ್ಲಿಸಿತು. ಹಿಂದೆ ಹೋದವುಗಳ ಮರಿಮಕ್ಕಳು ಅಮೆರಿಕದ ಗೂಡುಗಳಲ್ಲಿ ಉಳಿದುವು. ಚೀನ ಮೂಲದ ರೀಸಸ್‌ಗಿಂತ ಭಾರತ ಮೂಲದ ರೀಸಸ್ ಈ ರೋಗಕ್ಕೆ ಬೇಗ ಬಲಿಯಾಗುತ್ತದೆ. ಆದುದರಿಂದಲೇ ಪ್ರಯೋಗಕ್ಕೆ ಅದಕ್ಕೆ ಬೇಡಿಕೆ. ಬಾಲ್ಯದಲ್ಲಿ ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ಮೊಸಳೆಯ ಬೆನ್ನೇರಿದ ಕೋತಿ, ಗುಂಡಿಗೆಯನ್ನು ಮರದ ಮೇಲೆ ಮರೆತು ಬಂದೆನೆಂದು ಹೇಳಿ ಪಾರಾಗುತ್ತದೆ. ಈ ಕೋತಿಗಳಿಗೆ ಆ ಉಪಾಯ ಹೊಳೆಯುವಂತಿರಲಿಲ್ಲ.

ಹಾಗೆಂದು ಆ ವಿಜ್ಞಾನಿಗಳನ್ನು ನಿಂದಿಸಲು ನನಗೆ ಬಾಯಿಲ್ಲ. ಟೆನೊಫೊವಿರ್ ಎಂಬ ಔಷಧಿ ಎಸ್‌ಐವಿಯನ್ನು ತಡೆಯಬಲ್ಲುದೆಂದು ೧೯೯೫ರಲ್ಲಿ ತೋರಿಸಿಕೊಟ್ಟವು ಏಷ್ಯದ ಕಪಿಗಳೇ. ೨೦೦೪ರ ಏಪ್ರಿಲ್‌ನಲ್ಲಿ ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಏಡ್ಸ್‌ಗೆ ಉಚಿತ ಚಿಕಿತ್ಸೆ ಮೊದಲಾಯಿತು. ಇಂದು ಸರ್ಕಾರಿ ಕೇಂದ್ರಗಳಲ್ಲಿ ಕೊಡುವ ದಿನಕ್ಕೊಂದು ಗುಳಿಗೆಯಲ್ಲಿ ಆ ಟೆನೊಫೊವಿರ್ ಇರುತ್ತದೆ. ಕರುಳಿಗಾದ ಹಾನಿ ಪೂರ್ತಿ ಮಾಸದಿದ್ದರೂ, ಅದನ್ನು ನುಂಗಿಕೊಂಡು ಲಕ್ಷಾಂತರ ಜನ ದುಡಿದು ಉಂಡು ಬಾಳುತ್ತಿದ್ದಾರೆ. ನಮ್ಮ ಮಾವ ಆರು ವರ್ಷ ಮುಂಚೆ ಹೋದ. ಋಣ ಯಾರದು, ಯಾರಿಗೆ ತೀರಿಸಬೇಕಾದುದು ಎಂಬ ಲೆಕ್ಕ ನನಗೆ ಬಗೆಹರಿಯದು. ಋಣವಿದೆಯೆಂಬುದು ಮಾತ್ರ ನಿಶ್ಚಯ.

ಡಿಸೆಂಬರ್ ೧ರಂದು ಮಿತ್ರರು ಚೆನ್ನಾಗಿ ಮಾತನಾಡಿದರು. ‘ಕರುಳುಬೇನೆ’ ಎಂಬ ಶಬ್ದ ಹಿಂದಿನ ಬೆಂಚಿಗೂ ತಲುಪಿತು. ವಂದನಾರ್ಪಣೆ ನನ್ನದು. ಎಲ್ಲರನ್ನೂ ವಂದಿಸಿ ಮುಗಿಸಬೇಕಾದವನು, ಒಂದು ಕ್ಷಣ ತಡೆದು, “ನನ್ನ ಸೋದರಮಾವ ಏಡ್ಸ್‌ನಿಂದ ತೀರಿಕೊಂಡ. ನಾನು ಅವನಿಗೆ ನೀರು ಕೊಡಲಿಲ್ಲ” ಎಂದೆ. ಅದಕ್ಕಿಂತ ಹೆಚ್ಚಿಗೆ ಹೇಳಲಾಗಲಿಲ್ಲ. ಸಭೆ ಮುಗಿದ ಮೇಲೆ ಹುಡುಗನೊಬ್ಬ ನನ್ನ ಸೈಕಲ್ಲಿನ ಹತ್ತಿರ ಬಂದು ನಿಂತ; ಏನನ್ನೋ ಹೇಳಹೊರಟು, “ನಾಳೆ ಸಿಗ್ತೀನಿ ಸಾರ್” ಎಂದು ಹೊರಟುಹೋದ. ಮರುದಿನ ಬಂದ. ಅವನು ಹೇಳಿದುದು ಅವನದು, ಇಲ್ಲಿ ಬರೆಯತಕ್ಕದ್ದಲ್ಲ.

ಸಾಯಂಕಾಲ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಸಭೆಯಲ್ಲಿ ಆಡಿದುದನ್ನೂ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಿದ್ದಳು. ತಮ್ಮನ ಹೆಸರು ಕೇಳಿ ಕೈ ನಿಂತಿತು; ಮತ್ತೆ ನಡೆಯಿತು. ಕಪಿಗಳ ಕಥೆಯನ್ನು ಕೊನೆಯವರೆಗೆ ಕೇಳಿದಳು. ಆಗಿನ ದಿನಗಳಲ್ಲಿ ಅವಳೂ ಗಂಜಿಯನ್ನು ಹೊಸಿಲಿನ ಮೇಲಿಟ್ಟು ಹಿಂದಿರುಗುತ್ತಿದ್ದಳು. ಅದು ನನಗೂ ಗೊತ್ತು, ಅವಳಿಗೂ ಗೊತ್ತು.

ಬಹಳ ಹೊತ್ತಾದ ಮೇಲೆ ಕೇಳಿದಳು: “ಆ ಕೋತಿಗಳಿಗೆ ನೀರು ಯಾರು ಕೊಡ್ತಾರಪ್ಪ?”

“ಗೂಡಿನೊಳಗೇ ನಲ್ಲಿ ಇರುತ್ತಂತೆ ಅವ್ವ.”

“ಬಾಯಿಗೆ ಎಟಕೋ ಹಾಗೆ?”

“ಹೌದವ್ವ. ಬಾಯಿಗೆ ಎಟಕೋ ಹಾಗೆ.”

ಅವಳು ಸೊಪ್ಪಿನ ಮೊರವನ್ನು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಮುಖ ಒರೆಸಿಕೊಂಡಳು.